ರಬ್ಬರ್ ಕರಗಿಸಬೇಕೆ? ಮೊದಲು ಅದು ಬೆಂದಿದೆಯೋ ನೋಡಿ

ಹಳೆ ಟ್ಯೂಬಿನ ಚೂರುಗಳನ್ನು ಪೆಟ್ರೋಲಿನಲ್ಲಿ ನೆನೆಹಾಕಿ ‘ನಾಳೆ ಸೊಲ್ಯೂಷನ್ (ರಬ್ಬರ್ ಅಂಟು) ಆಗ್ತದ’ ಎಂದು ಕಾಯುವವರು ಹುಬ್ಬಳ್ಳಿಯ ಗೋಕುಲ ರಸ್ತೆ ವರ್ಕ್‌ಶಾಪ್‌ಗಳಲ್ಲಿ ಈಗಲೂ ಇದ್ದಾರೆ. ಆಗುವುದಿಲ್ಲ. ಟ್ಯೂಬು, ಟೈರು ಎಲ್ಲ ಗಂಧಕ ಹಾಕಿ ಬೇಯಿಸಿದ ರಬ್ಬರ್. ಅದರ ಎಳೆಗಳಿಗೆ ಒಂದಕ್ಕೊಂದು ಗಂಟು ಬಿದ್ದಿರುತ್ತದೆ. ಯಾವ ದ್ರಾವಕ ಸುರಿದರೂ ಉಬ್ಬುತ್ತದೆ ಅಷ್ಟೇ. ಕರಗುವುದು ಬೇಯದ ಕಚ್ಚಾ ರಬ್ಬರ್ ಮಾತ್ರ.

ಆ ಕಚ್ಚಾ ರಬ್ಬರ್ ಯಾವ ಜಾತಿಯದೆಂದು ಮಾರಿದವರನ್ನೇ ಕೇಳಿ, ದ್ರಾವಕ ಜಾತಿಯ ಮೇಲೆ ಹೋಗುತ್ತದೆ. ಟೈರಿಗೆ ಬಳಸುವ ಎಸ್‌ಬಿಆರ್ ಎಂಬ ಕೃತಕ ರಬ್ಬರಿಗೆ ಟಾಲುಯಿನ್ ಎಂಬ ದ್ರಾವಕ ಸಾಕು. ಬ್ಯುಟೈಲ್, ಇಪಿಡಿಎಂ ಎಂಬ ರಬ್ಬರುಗಳು ಹೆಕ್ಸೇನ್ ಎಂಬ ದ್ರಾವಕದಲ್ಲೂ ಕರಗುತ್ತವೆ. ನೈಟ್ರೈಲ್ ರಬ್ಬರನ್ನು ಮಾಡಿರುವುದೇ ಪೆಟ್ರೋಲ್, ಎಣ್ಣೆ ತಡೆಯಲಿಕ್ಕೆ. ಅದಕ್ಕೆ ಎಂಇಕೆ (ಮೀಥೈಲ್ ಈಥೈಲ್ ಕೀಟೋನ್) ಎಂಬ ದ್ರಾವಕ ಬೇಕು. ನಿಯೋಪ್ರೀನ್ ರಬ್ಬರಿನದು ವಿಚಿತ್ರ: ಅಸಿಟೋನ್‌ನಲ್ಲೂ ಕರಗದು, ಹೆಕ್ಸೇನ್‌ನಲ್ಲೂ ಕರಗದು, ಎರಡನ್ನೂ ಬೆರೆಸಿದರೆ ಕರಗುತ್ತದೆ. ನನ್ನ ಕೇಳಿದರೆ ಅದಕ್ಕೂ ಟಾಲುಯಿನ್ನೇ ವಾಸಿ.

ಪೇಂಟ್ ಅಂಗಡಿಯ ಬಿಡಿ ಥಿನ್ನರ್ ಬೇಡವೇ ಬೇಡ. ಒಂದು ಬಾಟಲಿಯಲ್ಲಿದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ.

ರಬ್ಬರ್ ಸಣ್ಣಗೆ ಹೆಚ್ಚಿ, ಹತ್ತು ಪಟ್ಟು ತೂಕದ ದ್ರಾವಕದ ಜೊತೆ ಗಾಜಿನ ಬಾಟಲಿಗೆ ಹಾಕಿ ಮುಚ್ಚಿಡಿ. ಚಹಾದ ತೆಳು ಪ್ಲಾಸ್ಟಿಕ್ ಲೋಟ ಬಳಸಿದರೆ ರಬ್ಬರಿಗಿಂತ ಮೊದಲು ಲೋಟವೇ ಕರಗಬಹುದು.

ಜನ ಎಡವುವುದು ಇದಾದ ಮೇಲೆ. ಮೊದಲ ಕೆಲವು ಗಂಟೆ ಚೂರುಗಳು ಸುಮ್ನೆ ಉಬ್ಬಿ ಮೆತ್ತಗಾಗುತ್ತವೆ. ‘ಕೆಟ್ಟಿತು’ ಎಂದು ಚೆಲ್ಲಬೇಡಿ, ಇನ್ನಷ್ಟು ದ್ರಾವಕವನ್ನೂ ಸುರಿಯಬೇಡಿ. ಆಗಾಗ ಅಲುಗಾಡಿಸಿ ಒಂದು ದಿನ ಬಿಡಿ. ದ್ರವ ಕಂದು ಬಣ್ಣಕ್ಕೆ ತಿರುಗಿತೆಂದು ಖುಷಿಪಡಬೇಡಿ. ಬೆಂದ ರಬ್ಬರಿನೊಳಗಿನ ಎಣ್ಣೆ ಹೊರಬಂದರೂ ಅದೇ ಬಣ್ಣ ಬರುತ್ತದೆ. ಮರುದಿನ ಗಾಜಿನ ಕಡ್ಡಿಯಿಂದ ಎತ್ತಿ ನೋಡಿ. ಬೆಲ್ಲದ ಪಾಕದಂತೆ ಎಳೆ ಬಂದರೆ ಕರಗಿದೆ. ಚೂರುಗಳ ಅಂಚು ಇನ್ನೂ ಕಂಡರೆ, ಒತ್ತಿದಾಗ ಪುಟಿದರೆ, ಬರೀ ಉಬ್ಬಿದೆ. ಅನುಮಾನವಿದ್ದರೆ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಒಣಗಿಸಿ. ನಯವಾದ ಪದರ ಬರಬೇಕು, ಹರಳು ಹರಳಾಗಿ ಅಲ್ಲ.

ಬೇಗ ಆಗಲಿ ಎಂದು ಒಲೆ ಮೇಲಿಡುವವರೂ ಇದ್ದಾರೆ! ಟಾಲುಯಿನ್‌ನ ಆವಿಗೆ ಬೆಂಕಿ ಹತ್ತಲು 4 ಡಿಗ್ರಿ ಸೆಲ್ಸಿಯಸ್ ಸಾಕು. ಧಾರವಾಡದ ಚಳಿಗಾಲದಲ್ಲೂ ಅದು ಹೊತ್ತಿಕೊಳ್ಳಲು ತಯಾರೇ. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಮುಟ್ಟುತ್ತದೆ. ಹೆಕ್ಸೇನ್ ಆವಿಯನ್ನು ಬಹಳ ಕಾಲ ಉಸಿರಾಡಿದರೆ ಕೈಕಾಲಿನ ನರ ಸೋಲುತ್ತವೆ. ಹಾಗಾಗಿ ಈ ಕೆಲಸ ಬಯಲಲ್ಲೇ ಆಗಲಿ.

ಕೈಗವಸು? ಎಂಇಕೆ ಮುಟ್ಟುವಾಗ ಆ ನೀಲಿ ನೈಟ್ರೈಲ್ ಗವಸು ಬೇಡ. ಅದು ಕರಗಿಸಲು ಹೊರಟ ರಬ್ಬರಿನ ಜಾತಿಯದೇ ಅಲ್ವಾ? ಬ್ಯುಟೈಲ್ ಗವಸು ಕೇಳಿ ತನ್ನಿ.