ಹೋಗಿ ಹೋಗಿ ಬರುವ ಬಿ.ವಿ.: ಮನೆಮದ್ದುಗಳನ್ನು ಪಿಎಚ್ ಪಟ್ಟಿ ಹಿಡಿದು ನೋಡಿದ ನನ್ನ ಅನುಭವ

ನನ್ನ ಕೆಲಸ ರಾಜಾಜಿನಗರದ ಒಂದು ಲ್ಯಾಬಿನಲ್ಲಿ. ರಕ್ತ, ಮೂತ್ರ, ಕಫದ ಜೊತೆಗೆ ಹೆಂಗಸರ ವಜೈನಲ್ ಸ್ವಾಬ್‌ಗಳೂ, ಅಂದರೆ ಯೋನಿಯ ಸ್ರಾವವನ್ನು ಹತ್ತಿಕಡ್ಡಿಯಲ್ಲಿ ತೆಗೆದ ಮಾದರಿಗಳೂ, ನನ್ನ ಮೇಜಿಗೆ ಬರುತ್ತವೆ. ಹಾಗಾಗಿ ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾ ಕುಗ್ಗಿ ಬೇರೆಯವು ತುಂಬಿಕೊಳ್ಳುವ ಬ್ಯಾಕ್ಟೀರಿಯಲ್ ವಜೈನೋಸಿಸ್, ಲ್ಯಾಬಿನವರ ಬಾಯಲ್ಲಿ ಬಿ.ವಿ., ನನಗೇ ಬಂದಾಗ ಹೆದರಿಕೆಯೇನೂ ಆಗಲಿಲ್ಲ. ಬೇಜಾರಾದದ್ದು ಅದು ಮತ್ತೆ ಮತ್ತೆ ಬರತೊಡಗಿದಾಗ. ಮಾತ್ರೆ ಮುಗಿದ ಮೇಲೆ ಸ್ವಲ್ಪ ಕಾಲ ಎಲ್ಲ ಸರಿ; ಒಂದು ಮುಟ್ಟು ಕಳೆದರೆ ಸಾಕು, ಅದೇ ವಾಸನೆ. ಅಮ್ಮ, ಓರಗಿತ್ತಿ, ಪಕ್ಕದ ಮನೆಯವರು, ಯೂಟ್ಯೂಬು, ಎಲ್ಲರ ಹತ್ತಿರವೂ ಒಂದೊಂದು ಮದ್ದು ಇತ್ತು. ಕುಡಿಯುವಂಥದ್ದನ್ನೆಲ್ಲ ಕುಡಿದೆ. ಒಳಗೆ ಇಟ್ಟುಕೊಳ್ಳುವಂಥದ್ದನ್ನು ಒಂದನ್ನೂ ಇಡಲಿಲ್ಲ. ಪ್ರತಿಯೊಂದಕ್ಕೂ ಪಿಎಚ್ ಪಟ್ಟಿ ಏನು ಹೇಳುತ್ತದೆ ಅಂತ ಬರೆದಿಟ್ಟೆ. ಹುಳಿಯೋ ಕ್ಷಾರವೋ ಅಂತ ಬಣ್ಣದಲ್ಲಿ ತೋರಿಸುವ ಕಾಗದದ ಚೂರು ಅದು; ಅಂಕಿ 7ಕ್ಕಿಂತ ಕೆಳಗಿದ್ದಷ್ಟೂ ಹುಳಿ, ಮೇಲಿದ್ದಷ್ಟೂ ಕ್ಷಾರ.

ಮೊದಲು ಒಂದು ಗೋಜಲು ಬಿಡಿಸಬೇಕು. ನಮ್ಮಲ್ಲಿ ಬಿಳಿ ಸೆರಗು ಅಂದರೆ ಎಲ್ಲವೂ ಅದರಲ್ಲೇ ಬಂತು. ಎರಡು ಮುಟ್ಟಿನ ನಡುವೆ ಮೊಟ್ಟೆಯ ಲೋಳೆಯ ಹಾಗೆ ಎಳೆ ಬರುವ ಸ್ರಾವ ಕಾಯಿಲೆಯೇ ಅಲ್ಲ. ಒಡೆದ ಹಾಲಿನ ಥರ ಗಟ್ಟಿಯಾಗಿದ್ದು, ಕೂರಲೂ ಬಿಡದಷ್ಟು ತುರಿಕೆ ಇದ್ದರೆ ಅದು ಹೆಚ್ಚಾಗಿ ಫಂಗಸ್. ಹಳದಿ ಹಸಿರು ಬಣ್ಣದ ನೊರೆ ನೊರೆ ಸ್ರಾವವಾದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿಯನ್ನು ಅನುಮಾನಿಸಬೇಕು. ಬಿ.ವಿ.ಯ ಸ್ರಾವ ತೆಳ್ಳಗೆ, ಬೂದು ಬಿಳುಪು. ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ವಾಸನೆ ಮಾತ್ರ ಮೀನಿನದು. ಮೆಡಿಕಲ್ ಶಾಪಿಗೆ ಹೋಗಿ ತಲೆ ತಗ್ಗಿಸಿ "ವೈಟ್ ಡಿಸ್ಚಾರ್ಜ್‌ಗೆ ಏನಾದ್ರೂ ಕೊಡಿ" ಅಂದರೆ ಬಹಳ ಸಲ ಕೈಗೆ ಬರುವುದು ಫಂಗಸ್ಸಿನ ಒಂದೇ ಒಂದು ಮಾತ್ರೆ, ಫ್ಲೂಕೊನಜೋಲ್. ಬಿ.ವಿ.ಗೆ ಅದರಿಂದ ಕವಡೆಯ ಪ್ರಯೋಜನವೂ ಇಲ್ಲ.

ನನ್ನ ಸ್ಲೈಡನ್ನು ನಾನೇ ನೋಡಿದೆ. ಆರೋಗ್ಯವಾಗಿರುವ ಸ್ಲೈಡಿನಲ್ಲಿ, ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ಗ್ರಾಂ ಎಂಬ ಬಣ್ಣ ಹಾಕಿದಾಗ ನೇರಳೆ ಬಣ್ಣದ ಉದ್ದ ಕಡ್ಡಿಗಳು ಕಾಣುತ್ತವೆ. ಅವು ಲ್ಯಾಕ್ಟೋಬ್ಯಾಸಿಲಸ್. ಯೋನಿಯ ಗೋಡೆಯಲ್ಲಿರುವ ಗ್ಲೈಕೋಜನ್ ಒಡೆದು ಬರುವ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸಿ, ಆ ಜಾಗವನ್ನು 3.8ರಿಂದ 4.5 ಪಿಎಚ್‌ನ ಹುಳಿಯಲ್ಲಿ ಇಡುವುದು ಅವುಗಳ ಕೆಲಸ. ನನ್ನ ಸ್ಲೈಡಿನಲ್ಲಿ ಆ ಕಡ್ಡಿಗಳು ಹುಡುಕಿದರೂ ಇಲ್ಲ. ಬದಲಿಗೆ ಗಾರ್ಡ್ನೆರೆಲ್ಲಾ ಮತ್ತು ಅದರ ಬಳಗದ ಸಣ್ಣ ಸಣ್ಣ ಬ್ಯಾಕ್ಟೀರಿಯಾಗಳು ಚರ್ಮಕೋಶದ ಅಂಚೇ ಕಾಣದಂತೆ ಮೆತ್ತಿಕೊಂಡಿದ್ದವು. ರವಾ ಫ್ರೈಗೆ ಅಂತ ರವೆಯಲ್ಲಿ ಹೊರಳಿಸಿಟ್ಟ ಮೀನಿನ ಹೋಳು ನೋಡಿದ್ದೀರಲ್ಲ, ಥೇಟ್ ಹಾಗೆ. ಇವಕ್ಕೆ ಕ್ಲೂ ಸೆಲ್ ಅನ್ನುತ್ತೇವೆ; 1955ರಲ್ಲಿ ಅಮೆರಿಕದ ಗಾರ್ಡ್ನರ್ ಮತ್ತು ಡ್ಯೂಕ್ಸ್ ಗುರುತಿಸಿ ಬರೆದದ್ದು. 1983ರಿಂದ ಡಾಕ್ಟರುಗಳು ಬಳಸುವ ಆಮ್ಸೆಲ್ ಲೆಕ್ಕದಲ್ಲಿ ನಾಲ್ಕು ಲಕ್ಷಣಗಳಿವೆ: ತೆಳ್ಳನೆ ಸ್ರಾವ, 4.5 ದಾಟಿದ ಪಿಎಚ್, ಕ್ಲೂ ಸೆಲ್, ಮತ್ತು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಒಂದು ಹನಿ ಬಿಟ್ಟಾಗ ಏಳುವ ಮೀನಿನ ವಾಸನೆ. ಮೂರು ಸಿಕ್ಕರೆ ಬಿ.ವಿ. ಅಂತ ಬರೆಯುತ್ತಾರೆ.

ಆ ಕೊನೆಯ ಪರೀಕ್ಷೆಯಲ್ಲೇ ನನಗೆ ಬೇಕಾದ ಸುಳಿವು ಇತ್ತು. ವಾಸನೆ ಬರುವುದು ಅಮೀನ್ ಎಂಬ ರಾಸಾಯನಿಕಗಳಿಂದ. ಹುಳಿ ಇರುವ ಕಡೆ ಅವು ಸುಮ್ಮನಿರುತ್ತವೆ, ಕ್ಷಾರ ತಾಗಿದರೆ ಆವಿಯಾಗಿ ಮೂಗಿಗೆ ಬಡಿಯುತ್ತವೆ. ಮುಟ್ಟಿನ ರಕ್ತದ ಪಿಎಚ್ ಸುಮಾರು 7.4. ವೀರ್ಯವೂ ಕ್ಷಾರವೇ. ಗಂಡ ಹೆಂಡತಿ ಸೇರಿದ ಮೇಲೆ, ಮುಟ್ಟಿನ ಹೊತ್ತಿನಲ್ಲಿ ವಾಸನೆ ಜಾಸ್ತಿ ಅನ್ನಿಸುವುದಕ್ಕೆ ಕಾರಣ ಇದು. ಇನ್ನು ನಾವು ಮೈಗೆ ಹಚ್ಚುವ ಸೋಪು? ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಅಂದರೆ ಲ್ಯಾಬಿನಲ್ಲಿ ನಾನು ಸೀಸೆಯಿಂದ ಹನಿ ಬಿಟ್ಟು ಮಾಡುವ ಪರೀಕ್ಷೆಯನ್ನೇ ಹೆಂಗಸರು ಬಚ್ಚಲಲ್ಲಿ ಮಾಡಿಕೊಳ್ಳುತ್ತಿರುತ್ತಾರೆ. ವಾಸನೆ ಬಂತು ಅಂತ ಸೋಪು ಹಾಕುವುದು, ಸೋಪು ಹಾಕಿದ್ದಕ್ಕೆ ವಾಸನೆ ಏಳುವುದು, ಇನ್ನೂ ಹೋಗಿಲ್ಲ ಅಂತ ಮತ್ತೆ ತೊಳೆಯುವುದು.

ಬೆಂಗಳೂರಿನ ಫ್ಲಾಟುಗಳಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿದೆ, ಕಮೋಡಿನ ಪಕ್ಕ ತೂಗುಹಾಕಿರುವ ಪೈಪು. ಮೂರನೇ ಮಹಡಿಯಲ್ಲಿ ಒತ್ತಡ ಎಷ್ಟಿರುತ್ತದೆ ಅಂದರೆ ಅದನ್ನು ಕೆಳಗಿನಿಂದ ಮೇಲಕ್ಕೆ ಹಿಡಿದರೆ ನೀರು ಒಳಗೇ ಹೋಗುತ್ತದೆ. ಹೊರದೇಶಗಳಲ್ಲಿ ಡೂಶ್ ಅಂತ ಮಾರುವ ವಸ್ತು ಮಾಡುವ ಕೆಲಸವೂ ಅದೇ, ಒಳಗೆ ನೀರು ಹಾಯಿಸುವುದು. ಹಾಗೆ ತೊಳೆದುಕೊಳ್ಳುವವರಲ್ಲಿ ಬಿ.ವಿ. ಹೆಚ್ಚು ಅನ್ನುವುದು ಅಧ್ಯಯನದಿಂದ ಅಧ್ಯಯನಕ್ಕೆ ಕಂಡುಬಂದಿದೆ. ನಾನು ಪೈಪು ಬಿಟ್ಟು ಚೊಂಬು ಹಿಡಿದೆ. ಹೊರಗಡೆ ಮಾತ್ರ, ಬರೀ ನೀರು, ಮುಂದಿನಿಂದ ಹಿಂದಕ್ಕೆ. ಸೋಪಿಲ್ಲ, ಆಂಟಿಸೆಪ್ಟಿಕ್ ಲಿಕ್ವಿಡ್ ಇಲ್ಲ, ಪರಿಮಳದ ವೈಪ್ಸ್ ಇಲ್ಲ, ಇಂಟಿಮೇಟ್ ವಾಶ್ ಇಲ್ಲ. ಟ್ಯಾಂಕರ್ ನೀರಿನಿಂದಲೇ ಹೀಗಾಗುತ್ತಿದೆ ಅಂತ ನಮ್ಮ ಬಿಲ್ಡಿಂಗಿನಲ್ಲಿ ಒಬ್ಬರು ವಾದ ಮಾಡುತ್ತಾರೆ. ಒಳಗೆ ಹೋಗದ ನೀರು ಕಾವೇರಿಯದಾದರೇನು, ಬೋರಿನದಾದರೇನು.

ಅಮ್ಮನ ಮದ್ದುಗಳಿಗೆ ಬರೋಣ. ಅಮ್ಮ ಕುಣಿಗಲ್ ಕಡೆಯವರು. "ಮೈ ಉಷ್ಣ ಆಗಿದೆ ಕಣೇ, ಹೊತ್ತುಹೊತ್ತಿಗೆ ತಿನ್ನಲ್ಲ, ಬರೀ ಕಾಫಿ ಕುಡೀತೀಯ" ಅನ್ನುವುದು ಅವರ ತೀರ್ಮಾನ. ಅಕ್ಕಿ ತೊಳೆದ ಎರಡನೇ ನೀರಿಗೆ ಜೀರಿಗೆ, ಕಲ್ಲುಸಕ್ಕರೆ, ರಾತ್ರಿ ನೆನೆಸಿದ ಮೆಂತ್ಯ, ಬಿಳಿ ದಾಸವಾಳದ ಮೊಗ್ಗು ಅರೆದು ಹಾಲಿಗೆ, ಕಾಮಕಸ್ತೂರಿ ಬೀಜ, ರಾಗಿ ಅಂಬಲಿ. ಎಲ್ಲವನ್ನೂ ಶ್ರದ್ಧೆಯಿಂದ ಕುಡಿದೆ. ಏಪ್ರಿಲ್ ಬಿಸಿಲಲ್ಲಿ ಸ್ಕೂಟರ್ ಓಡಿಸಿ ಬಂದವಳಿಗೆ ಅಂಬಲಿಯಷ್ಟು ಹಿತ ಬೇರೆ ಇಲ್ಲ, ಮೂತ್ರ ಉರಿಯುವುದೂ ನಿಂತಿತು. ಪಿಎಚ್ ಪಟ್ಟಿ ಮಾತ್ರ ಇದ್ದಲ್ಲೇ ಇತ್ತು. ಹೊಟ್ಟೆಗೆ ಹೋದ ಅಕ್ಕಚ್ಚು ಯೋನಿಯ ಬ್ಯಾಕ್ಟೀರಿಯಾದ ಲೆಕ್ಕವನ್ನು ಬದಲಿಸಲು ದಾರಿಯೇ ಇಲ್ಲ. ಅಮ್ಮನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಅಂಬಲಿ ಬರುವುದು ನಿಂತೀತು.

ಮೊಸರಿನ ವಿಷಯ ಸ್ವಲ್ಪ ಬೇರೆ, ಅದರ ಹಿಂದೆ ಒಂದು ಸರಿಯಾದ ಯೋಚನೆ ಇದೆ. ಹುಳಿ ಹೋಗಿದೆ, ಲ್ಯಾಕ್ಟೋಬ್ಯಾಸಿಲಸ್ ಹೋಗಿದೆ, ಮೊಸರಿನಲ್ಲಿ ಎರಡೂ ಇವೆ. ನಮ್ಮನೆ ಮೊಸರಿಗೆ ಪಟ್ಟಿ ಅದ್ದಿ ನೋಡಿದರೆ ನಿಜವಾಗಿಯೂ 4.5ರ ಆಚೀಚೆ ತೋರಿಸಿತು. ಆದರೆ ಹೆಪ್ಪಿನಲ್ಲಿರುವುದು ಹಾಲಿನಲ್ಲಿ ಬದುಕುವ ಜಾತಿ. ಯೋನಿಯನ್ನು ಕಾಯುವ ಮುಖ್ಯ ಜಾತಿ ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪಾಟಸ್. ಮೊಸರಿನದು ಅಲ್ಲಿ ಬೇರೂರುವುದಿಲ್ಲ. ಕ್ರಿಸ್ಪಾಟಸ್ಸನ್ನೇ ಪುಡಿಯಾಗಿ ಒಳಗೆ ಹಾಕಿ ಅಮೆರಿಕದಲ್ಲಿ ನೋಡಿದ್ದಾರೆ. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಬಿ.ವಿ.ಗೆ ಕೊಡುವ ಆಂಟಿಬಯಾಟಿಕ್ ಮೆಟ್ರೊನಿಡಜೋಲ್ ಮುಗಿಸಿದ ಮೇಲೆ ಅದನ್ನು ಬಳಸಿದವರಲ್ಲಿ 12 ವಾರದೊಳಗೆ ಶೇ. 30 ಜನರಿಗೆ ಬಿ.ವಿ. ಮರುಕಳಿಸಿತು, ಬಳಸದವರಲ್ಲಿ ಶೇ. 45. ಮೊಸರಾಗಲಿ, ಅಂಗಡಿಯಲ್ಲಿ ಸಿಗುವ ಪ್ರೊಬಯಾಟಿಕ್ ಕ್ಯಾಪ್ಸೂಲಾಗಲಿ ಅದಕ್ಕೆ ಸಮ ಅಂದುಕೊಳ್ಳುವ ಹಾಗಿಲ್ಲ. ಮೊಸರನ್ನ ಊಟಕ್ಕಿರಲಿ. ಹುಳಿಯಷ್ಟೇ ಸಾಕು ಅನ್ನುವವರಿಗೂ ಒಂದು ಉತ್ತರವಿದೆ: ಬ್ರಿಟನ್ನಿನಲ್ಲಿ ಲ್ಯಾಕ್ಟಿಕ್ ಆಸಿಡ್ ಜೆಲ್ಲನ್ನು ಮೆಟ್ರೊನಿಡಜೋಲ್ ಮಾತ್ರೆಯ ಎದುರು ನಿಲ್ಲಿಸಿ ನೋಡಿದಾಗ ಎರಡು ವಾರದಲ್ಲಿ ಗುಣ ಕಂಡವರು ಜೆಲ್ಲಿನಲ್ಲಿ ಶೇ. 47, ಮಾತ್ರೆಯಲ್ಲಿ ಶೇ. 70.

ಬೆಳ್ಳುಳ್ಳಿ ಎಸಳು, ಪಟಿಕದ ನೀರು, ಬೇವಿನ ಕಷಾಯ, ಟೀ ಟ್ರೀ ಎಣ್ಣೆ, ಆಪಲ್ ಸೈಡರ್ ವಿನೆಗರ್, ಇವನ್ನೆಲ್ಲ ಒಳಗೆ ಬಳಸಿದವರು ಲ್ಯಾಬಿಗೆ ಬರುತ್ತಾರೆ. ಸ್ವಾಬ್ ತೆಗೆಯುವಾಗಲೇ ಕೆಂಪಗೆ ಸುಟ್ಟ ಹಾಗಿರುತ್ತದೆ, ಪಾಪ. ಬೇವು ಬ್ಯಾಕ್ಟೀರಿಯಾ ಕೊಲ್ಲಬಹುದು, ಆದರೆ ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಅಂತ ಅದಕ್ಕೇನು ಗೊತ್ತು?

ಬೋರಿಕ್ ಆಸಿಡ್ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು, ಯಾಕೆಂದರೆ ಇದು ಬರೀ ಕಟ್ಟುಕತೆಯಲ್ಲ. ಮರುಕಳಿಸುವ ಬಿ.ವಿ.ಗೆ ಮಾತ್ರೆಯ ಕೋರ್ಸ್ ಆದ ಮೇಲೆ 600 ಮಿಲಿಗ್ರಾಂ ಬೋರಿಕ್ ಆಸಿಡ್ಡನ್ನು ಯೋನಿಯೊಳಗೆ 21 ದಿನ ಇಡುವ ಕ್ರಮ ಡಾಕ್ಟರುಗಳ ಮಾರ್ಗಸೂಚಿಯಲ್ಲೇ ಇದೆ. ಆದರೆ ನುಂಗಿದರೆ ಅದು ವಿಷ, ಪ್ರಾಣಕ್ಕೇ ಕುತ್ತು. ಬಸುರಿಯರು ಮುಟ್ಟಲೇಬಾರದು. ಕೇರಂ ಬೋರ್ಡಿಗೆ ಉದುರಿಸುವ ಬೋರಿಕ್ ಪೌಡರನ್ನು ತಂದು ಖಾಲಿ ಕ್ಯಾಪ್ಸೂಲಿಗೆ ತುಂಬುವ ವಿಡಿಯೋಗಳನ್ನು ನೋಡಿ ನನಗೆ ಮೈ ಉರಿದಿದೆ. ಅದು ಔಷಧಿ ದರ್ಜೆಯದಲ್ಲ, ಮನೆಯಲ್ಲಿ ಮಕ್ಕಳಿರುತ್ತಾರೆ, ಕ್ಯಾಪ್ಸೂಲ್ ಕಂಡರೆ ಯಾರಾದರೂ ನುಂಗಿಯಾರು. ಬೇಕಿದ್ದರೆ ಸ್ತ್ರೀರೋಗ ತಜ್ಞರು ಬರೆದುಕೊಡಲಿ.

ಪಟ್ಟಿ ಹೇಗೆ ಬಳಸಿದೆ ಅಂತ ಕೇಳುವವರಿಗೆ: 1ರಿಂದ 14ರವರೆಗಿನ ಸಾಮಾನ್ಯ ಪಿಎಚ್ ಕಾಗದ ಪ್ರಯೋಜನವಿಲ್ಲ, 4 ಮತ್ತು 5ರ ನಡುವಿನ ವ್ಯತ್ಯಾಸ ಅದರಲ್ಲಿ ಸರಿಯಾಗಿ ತಿಳಿಯದು. 3.8ರಿಂದ 5.5ರವರೆಗೆ ಸಣ್ಣ ಹಂತಗಳಿರುವುದು ಬೇಕು. ಕೈ ತೊಳೆದು, ಯೋನಿಯ ಪಕ್ಕದ ಗೋಡೆಯ ತೇವ ತಾಗಿಸಬೇಕು. ತೀರಾ ಆಳದ ಗರ್ಭಕೊರಳಿನ ಲೋಳೆ ಕ್ಷಾರವಾಗಿರುವುದರಿಂದ ಲೆಕ್ಕ ತಪ್ಪುತ್ತದೆ. ಮುಟ್ಟಿನಲ್ಲಿ, ಸೇರಿದ ಮರುದಿನ, ಜೆಲ್ ಹಾಕಿಕೊಂಡ ಮೇಲೆ ನೋಡಿದ ಅಂಕಿಗೆ ಬೆಲೆಯಿಲ್ಲ. ಮುಟ್ಟು ನಿಂತವರಲ್ಲಿ ಪಿಎಚ್ ತಾನಾಗಿಯೇ ಹೆಚ್ಚಿರುತ್ತದೆ. ಟ್ರೈಕೊಮೊನಾಸ್ ಇದ್ದರೂ ಏರುತ್ತದೆ, ಫಂಗಸ್ಸಿನಲ್ಲಿ ಬಹಳ ಸಲ ಏರುವುದೇ ಇಲ್ಲ. ಹೀಗಾಗಿ ಪಟ್ಟಿ ರೋಗ ಇದೇ ಅಂತ ಹೇಳುವುದಿಲ್ಲ, ಈಗ ಸ್ವಾಬ್ ಕೊಡು ಅಂತ ಹೇಳುತ್ತದೆ ಅಷ್ಟೆ.

ತೊಳೆಯುವುದು ನಿಲ್ಲಿಸಿದ ಮೇಲೆ ವಾಸನೆ ಗಣನೀಯವಾಗಿ ತಗ್ಗಿತು, ಒಂದು ಸಲ ಬಿ.ವಿ. ಬಂದದ್ದಕ್ಕೂ ಮತ್ತೆ ಬರುವುದಕ್ಕೂ ನಡುವೆ ಅಂತರವೂ ಸಿಕ್ಕಿತು. ಆದರೂ ಪೂರ್ತಿ ಹೋಗಲಿಲ್ಲ. ಮೆಟ್ರೊನಿಡಜೋಲ್ ವಾರದ ಕೋರ್ಸು, ಬಾಯೆಲ್ಲ ತುಕ್ಕು ಕಬ್ಬಿಣ ನೆಕ್ಕಿದ ರುಚಿ, ಊಟದ ಜೊತೆ ನುಂಗಿದರೆ ಸ್ವಲ್ಪ ವಾಸಿ. ಅದು ಸುಮಾರು ಜನರಿಗೆ ಆ ಹೊತ್ತಿಗೆ ಕೆಲಸ ಮಾಡುತ್ತದೆ. ಆದರೆ ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ಮತ್ತೆ ಬರುತ್ತದೆ. ಗಾರ್ಡ್ನೆರೆಲ್ಲಾ ಗೋಡೆಗೆ ಪದರವಾಗಿ ಅಂಟಿಕೊಳ್ಳುವುದು ಒಂದು ಕಾರಣ. ಇನ್ನೊಂದು ಕಾರಣವನ್ನು ನಮ್ಮ ಡಾಕ್ಟರಮ್ಮ ಎದುರಿಗೇ ಇಟ್ಟರು: "ನಿಮ್ಮ ಯಜಮಾನರನ್ನೂ ಕರ್ಕೊಂಡು ಬನ್ನಿ."

ಗಂಡಸರಿಗೆ ಚಿಕಿತ್ಸೆ ಬೇಡ ಅಂತಲೇ ಬಹುಕಾಲ ಮಾರ್ಗಸೂಚಿಗಳು ಹೇಳುತ್ತಿದ್ದವು. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಅದನ್ನು ತಿರುಗಿಸಿತು. ಹೆಂಡತಿಗೆ ಮಾತ್ರ ಔಷಧಿ ಕೊಟ್ಟ ಗುಂಪಿನಲ್ಲಿ 12 ವಾರದೊಳಗೆ ಶೇ. 63 ಜನರಿಗೆ ಮರುಕಳಿಸಿತು. ಗಂಡನಿಗೂ ಏಳು ದಿನ ಮೆಟ್ರೊನಿಡಜೋಲ್ 400 ಮಿಲಿಗ್ರಾಂ ದಿನಕ್ಕೆರಡು ಸಲ, ಜೊತೆಗೆ ಶಿಶ್ನದ ಚರ್ಮಕ್ಕೆ ಹಚ್ಚಲು ಶೇ. 2ರ ಕ್ಲಿಂಡಾಮೈಸಿನ್ ಕ್ರೀಮು ಕೊಟ್ಟ ಗುಂಪಿನಲ್ಲಿ ಶೇ. 35.

"ನನಗೇನೂ ಆಗಿಲ್ವಲ್ಲೇ, ನಾನ್ಯಾಕೆ ನುಂಗ್ಲಿ?" ಅಂದರು ನಮ್ಮವರು. "ನಿಮಗೇನೂ ಆಗಲ್ಲರೀ, ಆಗೋದು ನನಗೆ. ನಿಮ್ಮ ಹತ್ರ ಅದು ಬಾಡಿಗೆ ಇಲ್ಲದೆ ಇರುತ್ತೆ" ಅಂದೆ. ಸಂಶಯದ ಮಾತು ಬರುತ್ತದೇನೋ ಅಂತ ಮನಸ್ಸು ಹೆದರಿತ್ತು. ಡಾಕ್ಟರಮ್ಮನೇ ಅವರಿಗೆ, ಇದು ಯಾರ ನಡತೆಯ ಪ್ರಶ್ನೆಯೂ ಅಲ್ಲ, ಒಬ್ಬರಿಗೊಬ್ಬರು ನಿಷ್ಠರಾಗಿರುವ ದಂಪತಿಗಳಲ್ಲೂ ಹೀಗೇ ಅಂತ ತಿಳಿಸಿ ಹೇಳಿದ್ದರಿಂದ ಕೆಲಸ ಹಗುರಾಯಿತು. ಇಬ್ಬರೂ ಒಂದೇ ವಾರ ಔಷಧಿ ಮುಗಿಸಿದೆವು, ಆ ವಾರ ದೂರವಿದ್ದೆವು. ಕ್ಲಿಂಡಾಮೈಸಿನ್ ಕ್ರೀಮಿನ ಎಣ್ಣೆಯಂಶ ಕಾಂಡೋಮನ್ನು ಸಡಿಲ ಮಾಡುತ್ತದೆ ಅನ್ನುವುದೂ ನೆನಪಿರಲಿ. ಅಲ್ಲಿಂದೀಚೆಗೆ ಹಲವು ಮುಟ್ಟುಗಳು ಕಳೆದಿವೆ, ಪಟ್ಟಿ 4.5ರ ಕೆಳಗೇ ಇದೆ, ಸ್ಲೈಡಿನಲ್ಲಿ ನೇರಳೆ ಕಡ್ಡಿಗಳು ಮತ್ತೆ ಬಂದಿವೆ. ಇನ್ನೂ ಬರುವವರಿಗೆ ವಾರಕ್ಕೆರಡು ಸಲದಂತೆ ಮೆಟ್ರೊನಿಡಜೋಲ್ ಜೆಲ್ಲನ್ನು ಕೆಲವು ತಿಂಗಳು ಮುಂದುವರಿಸುವ ದಾರಿಯೂ ಇದೆ. ತಾಮ್ರದ ಕಾಪರ್-ಟಿ ಹಾಕಿಸಿಕೊಂಡವರು ಅದನ್ನೂ ಡಾಕ್ಟರ ಗಮನಕ್ಕೆ ತರಬೇಕು, ಅದಕ್ಕೂ ಬಿ.ವಿ.ಗೂ ನಂಟಿದೆ.

ಬಸುರಿಯರು ಮನೆಯಲ್ಲಿ ಏನನ್ನೂ ಪ್ರಯೋಗ ಮಾಡಬಾರದು; ಬಿ.ವಿ. ಇದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವ ಹೆಚ್ಚು. ಕೆಳಹೊಟ್ಟೆ ನೋವು, ಜ್ವರ, ಮುಟ್ಟಲ್ಲದ ಹೊತ್ತಿನಲ್ಲಿ ರಕ್ತ, ಇವು ಕಂಡರೂ ಅಷ್ಟೇ, ಅಂದೇ ಹೋಗಿ. ದುಡ್ಡಿನ ಚಿಂತೆ ಇದ್ದವರಿಗೆ ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಉಚಿತವಾಗಿ ನೋಡುತ್ತಾರೆ; ಅವು ಲೈಂಗಿಕ ಸೋಂಕುಗಳನ್ನು ನೋಡುವ ಕ್ಲಿನಿಕ್ಕುಗಳು ಅಂತ ಹಿಂಜರಿಯಬೇಡಿ. ಸ್ವಾಬ್ ಕೊಡುವ ದಿನ ಮಾತ್ರ ದಯವಿಟ್ಟು ಒಳಗೆ ತೊಳೆದುಕೊಂಡು ಬರಬೇಡಿ, ಹಿಂದಿನ ಎರಡು ದಿನ ಕ್ರೀಮು, ಜೆಲ್ಲು ಬೇಡ, ಸೇರುವುದೂ ಬೇಡ. ನಾಚಿಕೆಗೆ ಚೆನ್ನಾಗಿ ತೊಳೆದು ಬಂದವರ ಸ್ಲೈಡಿನಲ್ಲಿ ನಮಗೆ ಓದಲು ಏನೂ ಉಳಿದಿರುವುದಿಲ್ಲ.