ಕೆಳತುಟಿಯ ಮಚ್ಚೆ: ಡ್ಯೂಟಿಯಲ್ಲಿ ಲ್ಯಾಬ್ರೆಟ್ ಮರೆಮಾಡಿದ ನನ್ನ ಅನುಭವ

ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಬಾಗಿಲು ತೆಗೆದರೆ ಮುಗೀತು, ದೀಪಾವಳಿ ಕಳೆಯುವವರೆಗೆ ಹಾಸನದ ಲಾಡ್ಜು, ಹೋಟೆಲುಗಳಲ್ಲಿ ರೂಮು ಸಿಗಲ್ಲ. ಕಳೆದ ಸಲ ಆ ದಿನಗಳಲ್ಲಿ ಒಂದೂ ರಜೆಯಿಲ್ಲದೆ ಹನ್ನೊಂದೋ ಹನ್ನೆರಡೋ ದಿನ ನಾನು ಹೋಟೆಲ್ ರಿಸೆಪ್ಷನ್‌ನಲ್ಲಿ ನಿಂತೆ. ದಿನಕ್ಕೆ ಕಡಿಮೆ ಅಂದರೂ ನೂರು ಜನ ಎದುರಿಗೆ ನಿಂತು ಮಾತಾಡಿದ್ದಾರೆ. ಕೆಳತುಟಿಯ ಎಡಗಡೆ ನನ್ನ ಲ್ಯಾಬ್ರೆಟ್, ಅಂದರೆ ತುಟಿ ಚುಚ್ಚಿಸಿ ಹಾಕೋ ಆಭರಣ, ಅಷ್ಟೂ ದಿನ ಇದ್ದ ಜಾಗದಲ್ಲೇ ಇತ್ತು. ಮ್ಯಾನೇಜರ್ ಎರಡಡಿ ದೂರದಲ್ಲಿ ನಿಂತು ಬಿಲ್ ನೋಡಿದರು, ಅವರಿಗೂ ಗೊತ್ತಾಗಲಿಲ್ಲ. ಮೈಸೂರಿಂದ ಬಂದಿದ್ದ ಅಜ್ಜಿಯೊಬ್ಬರು ಮಾತ್ರ "ತುಟಿ ಕೆಳಗಿನ ಮಚ್ಚೆ ಲಕ್ಷಣವಾಗಿದೆ ಕಣಮ್ಮ" ಅಂದರು. ಆವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಇದನ್ನು ಬರೆಯೋದಕ್ಕೆ ಕಾರಣ ಇದೆ. ಚುಚ್ಚಿದವನೇ ಹೇಳಿದ್ದ, "ಫ್ರಂಟ್ ಆಫೀಸ್ ಕೆಲಸ ಅಂದ್ರೆ ಬಿಟ್ಟುಬಿಡಿ ಮೇಡಂ, ಆಗಲ್ಲ." ಮಂಗಳೂರಲ್ಲಿ ಇದೇ ಫೀಲ್ಡಲ್ಲಿರೋ ಗೆಳತಿ ಎರಡು ಸಲ ಪ್ರಯತ್ನ ಮಾಡಿ, ಎರಡು ಸಲವೂ ತೂತು ಮುಚ್ಚಿಹೋಗಿ ಕೈಬಿಟ್ಟಿದ್ದಳು. ನಮ್ಮ ಕೆಲಸದಲ್ಲಿ ಮೂಗುತಿಗೆ ಅಡ್ಡಿಯಿಲ್ಲ, ಕಿವಿಗೂ ಇಲ್ಲ, ತುಟಿಗೆ ಮಾತ್ರ ಇದೆ. ಅಜ್ಜಿಯರ ಕಾಲದಲ್ಲಿ ಕಿವಿಗೆ ಓಲೆ, ಬುಗುಡಿ ಅಂತ ನಾಲ್ಕೈದು ತೂತು ಇರ್ತಿದ್ದ ಊರು ನಮ್ಮದು. ಮೂಗಿನಿಂದ ಒಂದಿಂಚು ಕೆಳಗೆ ಬಂದ ತಕ್ಷಣ ಅದು ಕೆಟ್ಟದ್ದು ಹೇಗಾಗುತ್ತೆ ಅಂತ ನನಗೆ ಇವತ್ತಿಗೂ ಬೇಜಾರಿದೆ. ಆದರೆ ಸಂಬಳ ಬೇಕು. ನಿಯಮ ಏನು ಅಂದರೆ "ಕಾಣಬಾರದು". ಸರಿ, ಕಾಣದ ಹಾಗೆ ಮಾಡೋಣ ಅಂತ ಹೊರಟೆ.

ಚುಚ್ಚಿಸಿದ್ದು 2022ರ ಜನವರಿಯಲ್ಲಿ, ಬೆಂಗಳೂರಲ್ಲಿ. 16 ಗೇಜ್, ಅಂದರೆ 1.2 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಪೋಸ್ಟ್, ಅಂದರೆ ತೂತಿನಲ್ಲಿ ಹಾಯೋ ಕಡ್ಡಿ. ಅದರ ಒಳತುದಿಗೆ ಚಪ್ಪಟೆ ಬಿಲ್ಲೆ, ಹೊರತುದಿಗೆ ತಿರುಪಿ ಕೂರಿಸೋ ತಲೆ. ಎರಡೂವರೆ ಸಾವಿರ ಕೊಟ್ಟ ನೆನಪು. ಆಗಿನ್ನೂ ಮಾಸ್ಕ್ ಕಾಲ, ಮೊದಲ ಎರಡು ಮೂರು ತಿಂಗಳು ದೇವರು ಕೊಟ್ಟ ಹಾಗೆ ಕಳೆಯಿತು. ಊತ ಬಂತು, ಹೋಯಿತು, ಯಾರೂ ನೋಡಲಿಲ್ಲ. ಮೆಡಿಕಲ್‌ನಲ್ಲಿ ಸಿಗೋ ಡ್ರಿಪ್ ಹಾಕೋ ನಾರ್ಮಲ್ ಸಲೈನ್ ಬಾಟಲಿ ತಂದು, ಅದರಲ್ಲಿ ಗಾಜ್ ಬಟ್ಟೆ ಅದ್ದಿ ಒರೆಸ್ತಿದ್ದೆ, ಮೂವತ್ತು ನಲವತ್ತು ರೂಪಾಯಿ ಅಷ್ಟೇ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚು ಅಂತ ಅಮ್ಮ ಹಿಂದೆ ಬಿದ್ದರು. ಒಂದು ದಿನ ಹಚ್ಚಿದೆ. ಅಂಟು ಕಟ್ಟಿ, ಪೋಸ್ಟ್ ಸುತ್ತ ಗಟ್ಟಿಯಾಗಿ, ಬಿಡಿಸೋಕೆ ಅರ್ಧ ಗಂಟೆ ಹಿಡಿಯಿತು. ಮತ್ತೆ ಹಚ್ಚಲಿಲ್ಲ.

ಮಾಸ್ಕ್ ಹೋದ ಮೇಲೆ ಶುರುವಾಯಿತು ಪಾಡು. ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ: ಬೆಳಿಗ್ಗೆ ತೆಗೆದು ಡಬ್ಬಿಯಲ್ಲಿಟ್ಟು ಹೋಗೋದು, ಸಂಜೆ ಬಂದು ಹಾಕಿಕೊಳ್ಳೋದು. ಬಾಯಿಯ ತೂತು ಕಿವಿಯ ತೂತಿನ ಹಾಗಲ್ಲ. ಸಂಜೆ ಆರಕ್ಕೆ ಕನ್ನಡಿ ಮುಂದೆ ನಿಂತರೆ ಹೊರಗಿನ ತೂತು ಕಾಣುತ್ತೆ, ಒಳಗೆ ದಾರಿ ಇಲ್ಲ. ಒತ್ತಿದರೆ ರಕ್ತ. ತೂತು ಹಿಗ್ಗಿಸೋ ಚೂಪು ತುದಿಯ ಕಡ್ಡಿ, ಅದೇ ಟೇಪರ್, ತರಿಸಿದೆ, ಮುನ್ನೂರು ರೂಪಾಯಿ ಇರಬೇಕು. ದಿನಾ ಟೇಪರ್ ಹಾಕಿ ಹಿಗ್ಗಿಸಿದರೆ ದಿನಾ ಹೊಸ ಗಾಯ ಆದ ಲೆಕ್ಕವೇ. ಎರಡನೇ ವಾರಕ್ಕೆ ತೂತಿನ ಬಾಯಲ್ಲಿ ಕೆಂಪಗೆ ಸಾಸಿವೆ ಕಾಳಷ್ಟು ಗುಳ್ಳೆ ಎದ್ದಿತು.

ಆಮೇಲೆ ಬ್ಯಾಂಡೇಜ್. ಮೂರು ದಿನ ನಡೀತು, ನಾಲ್ಕನೇ ದಿನ "ಏನಾಯ್ತು, ತೋರಿಸು" ಅಂದರು. ಅದಾದ ಮೇಲೆ ಕನ್ಸೀಲರ್. ಆಭರಣದ ಮೇಲೆ ಮೇಕಪ್ ನಿಲ್ಲಲ್ಲ, ಬದಲಿಗೆ ತೂತಿನೊಳಕ್ಕೆ ಇಳಿಯುತ್ತೆ. ಗುಳ್ಳೆ ಕೀವಾಯಿತು. ಹಾಗೆ ಕೀವಾದಾಗ ನೀವಾಗಿ ಕಿತ್ತು ಬಿಸಾಡಬೇಡಿ. ಮೇಲೆ ಮುಚ್ಚಿಕೊಂಡು ಕೀವು ಒಳಗೇ ಉಳಿಯುತ್ತೆ. ಡಾಕ್ಟರ್ ಹತ್ತಿರ ಹೋಗಿ.

ದೊಡ್ಡ ಪೆಟ್ಟು ಬಿದ್ದಿದ್ದು ಇದಾದ ಮೇಲೆ. ಊತ ಇಳಿದ ಮೇಲೆ ಪೋಸ್ಟ್ ಚಿಕ್ಕದು ಮಾಡಿಕೊಳ್ಳಬೇಕು. ನಾನು 10ರಿಂದ ನೇರ 6 ಮಿ.ಮೀ.ಗೆ ಇಳಿದೆ. ಚಿಕ್ಕದಾದಷ್ಟೂ ಕಾಣಲ್ಲ ಅನ್ನೋ ಆಸೆ. ಹಗಲು ಚೆನ್ನಾಗೇ ಇತ್ತು. ರಾತ್ರಿ ಎರಡಕ್ಕೆ ತುಟಿ ಬಿಗಿದು ಎಚ್ಚರವಾಯಿತು. ನಾಲಿಗೆ ಆಡಿಸಿದರೆ ಒಳಗಿನ ಬಿಲ್ಲೆ ಇಲ್ಲ! ನುಂಗಿಬಿಟ್ಟೆ ಅಂದುಕೊಂಡೆ. ಮೊಬೈಲ್ ಟಾರ್ಚ್ ಹಿಡಿದು ತುಟಿ ಮಗುಚಿ ನೋಡಿದೆ. ಬಿಲ್ಲೆ ಮಾಂಸದೊಳಗೆ ಹೂತುಹೋಗಿತ್ತು, ನಡುವೆ ಕಡಲೆಬೇಳೆಯಷ್ಟು ಬೆಳ್ಳಗೆ ಕಾಣ್ತಿತ್ತು. ಬೆಳಗಾಗುವವರೆಗೆ ಐಸ್ ಇಟ್ಟುಕೊಂಡು ಕೂತೆ. ದಂತವೈದ್ಯರು ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹೊರಗಿನಿಂದ ಒತ್ತಿ ತೆಗೆದರು. ಎಂಟುನೂರು ರೂಪಾಯಿ, ಜೊತೆಗೆ ಬೈಗುಳ. ಹಳೆಯ 10 ಮಿ.ಮೀ. ಪೋಸ್ಟನ್ನು ಕುದಿಸಿ ಜೊತೆಗೇ ತಂದಿದ್ದೆ. ಕೈಮುಗಿದು ಕೇಳಿದ ಮೇಲೆ ಅದನ್ನೇ ಹಾಕಿಕೊಟ್ಟರು. ಆಮೇಲೆ ಎರಡು ತಿಂಗಳು ಕಾದು 8 ಮಿ.ಮೀ.ಗೆ ಬಂದೆ. ನನ್ನ ತುಟಿಗೆ ಅದೇ ಸರಿ. ಬಿಲ್ಲೆಗೂ ತುಟಿಗೂ ನಡುವೆ ಕೂದಲೆಳೆಯಷ್ಟು ಸಡಿಲ ಇರಲೇಬೇಕು. ನಿಮ್ಮ ತುಟಿ ದಪ್ಪ ಬೇರೆ ಇರುತ್ತೆ, ನನ್ನ ಅಳತೆ ನೋಡಿ ತರಿಸಬೇಡಿ.

ಈ ಮಧ್ಯೆ ಅಜ್ಜಿ ಒಂದು ಮಾತು ಹೇಳಿದರು. "ಚುಚ್ಚಿದ ತೂತು ಯಾವತ್ತೂ ಖಾಲಿ ಬಿಡಬಾರದು. ಓಲೆ ಇಲ್ಲದಿದ್ರೆ ಪೊರಕೆ ಕಡ್ಡಿಯಾದ್ರೂ ಇರಬೇಕು." ಅವರ ಕಾಲದಲ್ಲಿ ಕಿವಿಗೆ ಬೇವಿನ ಕಡ್ಡಿ, ತೆಂಗಿನ ಗರಿಯ ಕಡ್ಡಿ ಇಟ್ಟುಕೊಳ್ತಿದ್ದರು. ನಾನು ಬೇವಿನ ಕಡ್ಡಿಯನ್ನೇ ಕೆತ್ತಿ ತುಟಿಗೆ ಇಟ್ಟು ನೋಡಿದೆ. ಎಂಜಲಲ್ಲಿ ನೆಂದು ಉಬ್ಬಿ, ತೆಗೆಯುವಾಗ ನಾರು ಬಿಟ್ಟುಕೊಂಡಿತು. ಬಾಯಿಗೆ ಕಡ್ಡಿ ಬೇಡವೇ ಬೇಡ. ಅಜ್ಜಿಯ ಹಳೇ ತಿರುಪಿನ ಮೂಗುತಿಯನ್ನೂ ಒಂದು ಸಂಜೆ ಹಾಕಿದೆ. ಅದರ ಕಡ್ಡಿ ತೀರಾ ಸಣ್ಣ, ಊಟ ಮಾಡುವಾಗ ದಾರ ಎಳೆದ ಹಾಗೆ ಕುಯ್ಯುತ್ತೆ. ಒಳಗಿನ ತಿರುಪು ವಸಡು ಕೆರೆಯಿತು. ಮೂಗಿನದು ಮೂಗಿಗೇ ಸರಿ.

ಆದರೆ ಅಜ್ಜಿ ಹೇಳಿದ ಮಾತು ತಲೆಯಲ್ಲಿ ಉಳಿಯಿತು. ಪೋಸ್ಟ್ ತೆಗೆಯಲೇಬಾರದು. ಬದಲಾಯಿಸೋದಾದರೆ ಮುಂದಿನ ತಲೆ ಮಾತ್ರ. ಅಲ್ಲಿಗೆ ಅರ್ಧ ಸಮಸ್ಯೆ ಮುಗೀತು. ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ಪೋಸ್ಟ್, ಅದೇ ಎಫ್136 ಅಂತ ಬರೆದಿರೋದು, ಸಾವಿರದ ಇನ್ನೂರಕ್ಕೆ ತರಿಸಿದೆ. ಮೊದಲು ಸ್ಟೀಲ್ ಇತ್ತು. ಅದರಲ್ಲಿ ನಿಕಲ್ ಇರುತ್ತೆ, ನನಗೆ ಅಗ್ಗದ ವಾಚ್ ಕಟ್ಟಿದರೂ ತುರಿಕೆ, ಹಾಗಾಗಿ ಬಿಟ್ಟೆ. ನಾನು ಬೇಕೆಂದೇ ಹೊರ ತಿರುಪಿನದು, ಅಂದರೆ ತಿರುಪಿನ ಗೆರೆ ಪೋಸ್ಟ್ ಮೇಲೇ ಇರೋದು, ತಗೊಂಡೆ. ಒಳ ತಿರುಪೇ ಒಳ್ಳೇದು ಅಂತ ಎಲ್ಲರೂ ಹೇಳ್ತಾರೆ, ನಿಜ, ಹೊರ ತಿರುಪು ತೂತಿನಲ್ಲಿ ಹಾದು ಹೋಗುವಾಗ ಕೆರೆಯುತ್ತೆ. ಆದರೆ ಹಾದು ಹೋಗೋದು ಒಂದೇ ಸಲ, ಅದೂ ಟೇಪರ್ ಹಿಂದೆ. ಆಮೇಲೆ ಅದು ಅಲ್ಲೇ ಇರುತ್ತೆ. ಇದಕ್ಕೆ ಹೊಂದೋ ಪ್ಲಾಸ್ಟಿಕ್ ತಲೆಗಳು ಹದಿನೈದಿಪ್ಪತ್ತು ರೂಪಾಯಿಗೆ ಒಂದು ಸಿಗುತ್ತವೆ.

ಉಳಿದದ್ದು ಆ ತಲೆ ಕಾಣದ ಹಾಗೆ ಮಾಡೋದು. ಪಾರದರ್ಶಕ ಗುಂಡು ಕಾಣಲ್ಲ ಅಂತ ಮಾರ್ತಾರೆ, ಸುಳ್ಳು. ರಿಸೆಪ್ಷನ್ ದೀಪದ ಕೆಳಗೆ ಬೆವರ ಹನಿ ಹಾಗೆ ಮಿನುಗುತ್ತೆ. ಮೈಬಣ್ಣದ್ದು ಅಂತ ಬರೋದೆಲ್ಲ ಗುಲಾಬಿ, ಅದು ಯಾರ ಮೈಬಣ್ಣವೋ ಕಾಣೆ, ನಮ್ಮದಂತೂ ಅಲ್ಲ. ಬೇರೆ ಬೇರೆ ತರಿಸಿ ಹೆಚ್ಚುಕಮ್ಮಿ ಎರಡು ಸಾವಿರ ಹೋಯಿತು.

ದಾರಿ ತೋರಿಸಿದ್ದು ಕಾಫಿ. ನಾನು ದಿನಕ್ಕೆ ನಾಲ್ಕು ಲೋಟ ಕುಡಿಯೋಳು. ಒಂದು ತಿಂಗಳು ಹಾಕಿದ್ದ ಪಾರದರ್ಶಕ ತಲೆಯನ್ನು ತೊಳೆಯೋಕೆ ತೆಗೆದರೆ ತಿಳಿ ಕಂದು ತಿರುಗಿತ್ತು. ಎಸೆಯೋಕೆ ಹೋದವಳು ಅಂಗೈ ಮೇಲೆ ಇಟ್ಟು ನೋಡಿದೆ. ಚರ್ಮಕ್ಕೂ ಅದಕ್ಕೂ ಅರ್ಧ ಛಾಯೆ ವ್ಯತ್ಯಾಸ. ಆವತ್ತೇ ನಾಲ್ಕು ಲೋಟ ಜೋಡಿಸಿದೆ: ಒಂದರಲ್ಲಿ ಡಿಕಾಕ್ಷನ್, ಒಂದರಲ್ಲಿ ಅರಿಶಿನ ನೀರು, ಒಂದರಲ್ಲಿ ಬೀಟ್ರೂಟ್, ಒಂದರಲ್ಲಿ ಬರೀ ನೀರು. ಅರಿಶಿನ ಒಂದೇ ರಾತ್ರಿಗೆ ಕಡುಹಳದಿ, ಕೆಲಸಕ್ಕೆ ಬರಲ್ಲ. ಬೀಟ್ರೂಟ್ ತೊಳೆದರೆ ಹೋಯಿತು. ಡಿಕಾಕ್ಷನ್ ನಾಲ್ಕೈದು ದಿನಕ್ಕೆ ಸರಿಯಾಗಿ ಕೂತಿತು. ಗಟ್ಟಿ ಅಕ್ರಿಲಿಕ್ ಅಷ್ಟಾಗಿ ಬಣ್ಣ ಹಿಡಿಯಲ್ಲ, ಉಗುರು ಒತ್ತಿದರೆ ಸ್ವಲ್ಪ ಬಗ್ಗೋ ಮೆತ್ತನೆ ಪ್ಲಾಸ್ಟಿಕ್ ಚೆನ್ನಾಗಿ ಹಿಡಿಯುತ್ತೆ. ಗುಂಡು ಬೇಡ, 3 ಮಿ.ಮೀ. ಚಪ್ಪಟೆ ಬಟನ್ ಇರಲಿ. ಹೊಳಪು ಹೋಗೋಕೆ ಉಗುರು ಉಜ್ಜೋ ಫೈಲ್‌ನಿಂದ ಮೇಲ್ಮೈ ಮಾತ್ರ ಉಜ್ಜಿ, ಚರ್ಮಕ್ಕೆ ತಾಗೋ ಕಡೆ ಮುಟ್ಟಬೇಡಿ. ಮೈಬಣ್ಣಕ್ಕೆ ಪೂರ್ತಿ ಹೊಂದಿಸೋಕೆ ಹೋಗಿ ಮೂರು ಬ್ಯಾಚ್ ಹಾಳು ಮಾಡಿದೆ. ಹೊಂದಿಸಿದಷ್ಟೂ ಜನ ಗುರಾಯಿಸಿ ನೋಡ್ತಾರೆ, ಅಲ್ಲೇನೋ ಉಬ್ಬಿದೆ ಅನ್ಸುತ್ತೆ. ಎರಡು ಛಾಯೆ ಗಾಢ ಮಾಡಿದೆ ನೋಡಿ, ಮಚ್ಚೆ! ಮಚ್ಚೆಯನ್ನು ಯಾರೂ ಪ್ರಶ್ನೆ ಮಾಡಲ್ಲ.

ಯಾವ ಪುಡಿ, ಚಿಕೋರಿ ಎಷ್ಟು, ಬಣ್ಣ ಬೇಗ ಹಿಡಿಯೋಕೆ ಡಿಕಾಕ್ಷನ್‌ಗೆ ಅಡುಗೆಮನೆಯಿಂದ ಇನ್ನೇನು ಬೀಳುತ್ತೆ ಅನ್ನೋದನ್ನು ಹೇಳಲ್ಲ. ವರ್ಷ ಕಷ್ಟಪಟ್ಟು ಕಂಡುಕೊಂಡಿದ್ದು. ಬಣ್ಣ ಹಿಡಿದ ಮೇಲೆ ಬಿಸಿನೀರಲ್ಲಿ ಎರಡು ದಿನ, ನೀರು ತಿಳಿಯಾಗುವವರೆಗೆ ಬದಲಿಸ್ತಾ ನೆನೆಸಿ, ಆಮೇಲೆ ಸಲೈನ್‌ನಲ್ಲಿಡಿ. ಮತ್ತೆ ಇದು ತುಟಿಯ ಹೊರಗಿನ ತಲೆಗೆ ಮಾತ್ರ, ಅದೂ ಪೂರ್ತಿ ಮಾಗಿದ ತೂತಿಗೆ ಮಾತ್ರ. ತೂತಿನೊಳಗೆ ಟೈಟಾನಿಯಂ ಬಿಟ್ಟು ಬೇರೆ ಏನೂ ಹೋಗಬಾರದು.

ಬೆಳಿಗ್ಗೆ ಗುಂಡು ತೆಗೆದು ಮಚ್ಚೆ ಬಟನ್ ಹಾಕೋದು ಐದು ನಿಮಿಷ. ಸೋಪಲ್ಲಿ ಕೈ ತೊಳೆದು, ವಾಶ್‌ಬೇಸಿನ್ ತೂತಿಗೆ ಟವೆಲ್ ಮುಚ್ಚಿ (ಎರಡು ಗುಂಡು ಪೈಪಿಗೆ ಅರ್ಪಿಸಿದ ಮೇಲೆ ಕಲಿತದ್ದು), ಟಿಶ್ಯೂನಿಂದ ತುಟಿಯ ಒಳಹೊರಗೆ ತೇವ ಒತ್ತಿ ತೆಗೀತೀನಿ. ತೇವ ಇದ್ದರೆ ಬಿಲ್ಲೆ ಜಾರುತ್ತೆ. ಬಿಲ್ಲೆಯನ್ನು ಹಲ್ಲಲ್ಲಿ ಹಿಡೀಬೇಡಿ, ಹಲ್ಲು ಚಕ್ಕೆ ಏಳುತ್ತೆ. ನೈಟ್ರೈಲ್ ಗ್ಲೌಸ್ ಹಾಕಿ ಬೆರಳಲ್ಲಿ ಹಿಡಿದರೆ ಅಲ್ಲಾಡಲ್ಲ. ಪೋಸ್ಟ್ ಒಳಕ್ಕೆ ಜಾರದ ಹಾಗೆ ಬಿಲ್ಲೆಯನ್ನು ಹೊರಕ್ಕೆ ಒತ್ತಿ ಹಿಡಿದು, ಗುಂಡು ಎಡಕ್ಕೆ ತಿರುಗಿಸಿ ತೆಗೆದು, ಬಟನ್ ಬಲಕ್ಕೆ. ಬಿಗಿಯಾದ ಮೇಲೆ ಇನ್ನೂ ತಿರುಗಿಸಿದರೆ ಪ್ಲಾಸ್ಟಿಕ್‌ನ ತಿರುಪಿನ ಗೆರೆ ಸವೆಯುತ್ತೆ. ಊಟ ಆದ ಮೇಲೆ ಒಂದು ಸಲ ಮುಟ್ಟಿ ನೋಡಿ, ಸಡಿಲ ಆಗಿರುತ್ತೆ. ಒಂದು ಬಟನ್ ಮೂರು ವಾರ, ಹೆಚ್ಚಂದರೆ ನಾಲ್ಕು. ಆಮೇಲೆ ದುಡ್ಡಿನ ಮುಖ ನೋಡದೆ ಎಸೀರಿ. ಸವೆದದ್ದು ಸಾರಿನ ತಟ್ಟೆಗೇ ಬೀಳೋದು.

ಒಟ್ಟು ಖರ್ಚು ಕೂಡಿಸಿದರೆ ಚುಚ್ಚಿಸಿದ್ದೂ ಸೇರಿ ಒಂಬತ್ತರಿಂದ ಹತ್ತು ಸಾವಿರ ಆಗಿರಬೇಕು. ಈಗ ತಿಂಗಳಿಗೆ ಮೂವತ್ತು ರೂಪಾಯಿಯೂ ಇಲ್ಲ. ಮಂಗಳೂರಿನ ಗೆಳತಿ ಮೂರನೇ ಸಲ ಚುಚ್ಚಿಸಿಕೊಂಡಿದ್ದಾಳೆ. ಅವಳ ಬಣ್ಣ ನನಗಿಂತ ತಿಳಿ, ಹಾಗಾಗಿ ಅವಳಿಗೆ ಚಹಾದಲ್ಲಿ ಒಂದು ಬ್ಯಾಚ್ ಹಾಕಿ ನೋಡ್ತಿದ್ದೀನಿ. ಮೂರನೇ ದಿನಕ್ಕೆ ಸ್ವಲ್ಪ ಕೆಂಪು ಜಾಸ್ತಿ ಬಂದಿದೆ. ಆರು ತಿಂಗಳಿಗೊಮ್ಮೆ ಅದೇ ದಂತವೈದ್ಯರ ಹತ್ತಿರ ಹೋಗಿ ಬಿಲ್ಲೆ ತಾಗೋ ಜಾಗದ ವಸಡು ತೋರಿಸ್ತೀನಿ. ಕಳೆದ ಸಲ ಅಳತೆ ಕಡ್ಡಿ ಇಟ್ಟು ನೋಡಿ, "ಇಳಿದಿಲ್ಲ, ಸದ್ಯಕ್ಕೆ ಇರಲಿ" ಅಂದರು.