ಹಳೆ ಬೇಸ್‌ಬಾಲ್ ಸಹಿ ಕೊಳ್ಳೋ ಮುಂಚೆ ಶಾಯಿ ನೋಡಿ
ಅಮೆರಿಕದಲ್ಲಿರುವ ಗೆಳೆಯರೇ, ಹಳೆ ಬೇಸ್‌ಬಾಲ್ ದಿಗ್ಗಜರ ಪತ್ರ, ಆಟೋಗ್ರಾಫ್ ಕೊಳ್ಳುವಾಗ ಮೊದಲು ಶಾಯಿ ನೋಡಿ. ಅಲ್ಲಿ ಬಾಲ್‌ಪೆನ್ ಅಂಗಡಿಗೆ ಬಂದದ್ದು 1945ರ ಅಕ್ಟೋಬರ್‌ನಲ್ಲಿ. ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗ್ ತೀರಿಕೊಂಡದ್ದು 1941ರಲ್ಲಿ. ಬಾಲ್‌ಪೆನ್ನಿನಲ್ಲಿ ಅವರ ಸಹಿ ಇದ್ದರೆ ಅಲ್ಲಿಗೆ ಕಥೆ ಮುಗೀತು, ಅಲ್ವಾ? ಬೇಬ್ ರೂತ್ 1948ರವರೆಗೆ ಇದ್ದರು, ಅಲ್ಲಿ ಈ ಲೆಕ್ಕ ನಡೆಯಲ್ಲ. ಇನ್ನೊಬ್ಬ ದಿಗ್ಗಜ ಟೈ ಕಾಬ್‌ಗೆ ಹಸಿರು ಶಾಯಿ ಅಂದ್ರೆ ಇಷ್ಟ ಇತ್ತು. ಆದರೆ ನಕಲಿ ಮಾಡೋರಿಗೂ ಅದು ಗೊತ್ತು!

ಕತ್ತಲಲ್ಲಿ ಕಾಗದದ ಮೇಲೆ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್ ಬಿಡಿ. 1920ರ ಪತ್ರ ಅಂತ ಕೊಟ್ಟದ್ದು ನೀಲಿಯಾಗಿ ಫಳಫಳ ಹೊಳೆದರೆ ಬೇಡವೇ ಬೇಡ. ಆ ಹೊಳಪಿನ ರಾಸಾಯನಿಕ ಕಾಗದಕ್ಕೆ ಸೇರಿದ್ದು ಎಷ್ಟೋ ವರ್ಷ ಆಮೇಲೆ. ಕೊಂಡದ್ದನ್ನು ಬಿಸಿಲಿಗೆ ಇಡಬೇಡಿ, ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ.